ದಾವಣಗೆರೆ, ಚಿತ್ರದುರ್ಗದ ಶುಶ್ರೂಷಾಧಿಕಾರಿಗಳ ಮುಂದುವರಿದ ಕಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳಿಂದ ಹಿಡಿದು ಜಗಳೂರು, ಮೊಳಕಾಲ್ಮೂರು ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೆ ಕೆಲಸ ಮಾಡುವವರು ಕಲಿಕೆಯ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಆಗಿರುತ್ತವೆ. ಹಲವು ವರ್ಷ ವಾರ್ಡಿನಲ್ಲಿ ದುಡಿದು, ಆಮೇಲೆ ಸಿಬ್ಬಂದಿ ತರಬೇತಿಯ ಹೊಣೆ ಹೊತ್ತ ನಾನು ಆ ಪ್ರಶ್ನೆಗಳಿಗೆ ಕೊಡುತ್ತ ಬಂದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ. ಕೆಲವು ಉತ್ತರಗಳು ನಿಯಮದ ಮಾತು, ಕೆಲವು ನನ್ನ ಅಭಿಪ್ರಾಯ. ಯಾವುದು ಯಾವುದೆಂದು ಓದುತ್ತಲೇ ತಿಳಿಯುತ್ತದೆ.

ನೋಂದಣಿ ನವೀಕರಣಕ್ಕೆ ಎಷ್ಟು ಗಂಟೆಗಳ ತರಬೇತಿ ಬೇಕು?

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾರ್ಗಸೂಚಿಯಂತೆ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು ಮತ್ತು ಆ ಅವಧಿಯಲ್ಲಿ 150 ಗಂಟೆಗಳ ಮುಂದುವರಿದ ಶುಶ್ರೂಷಾ ಶಿಕ್ಷಣ ಪೂರೈಸಿರಬೇಕು. ಎಲ್ಲರೂ ಸಿಎನ್‌ಇ ಎಂದು ಕರೆಯುವುದು ಇದನ್ನೇ. ವರ್ಷಕ್ಕೆ 30 ಗಂಟೆ ಎಂದು ಲೆಕ್ಕ ಹಾಕಿದರೆ ಇದು ದೊಡ್ಡ ಹೊರೆಯಲ್ಲ. ಹೊರೆಯಾಗುವುದು ನಾಲ್ಕು ವರ್ಷ ಸುಮ್ಮನಿದ್ದು ಐದನೆಯ ವರ್ಷದ ಕೊನೆಯಲ್ಲಿ ಎಚ್ಚೆತ್ತವರಿಗೆ. ಅಂಥವರು ವಿಷಯ ಯಾವುದೆಂದು ನೋಡದೆ, ಗಂಟೆ ಸಿಕ್ಕರೆ ಸಾಕೆಂದು ಸಿಕ್ಕ ಕಾರ್ಯಾಗಾರಕ್ಕೆಲ್ಲ ಹಣ ಕಟ್ಟುತ್ತಾರೆ. ಹೆರಿಗೆ ವಾರ್ಡಿನಲ್ಲೇ ಹದಿನೈದು ವರ್ಷ ಕಳೆದ ಒಬ್ಬ ಸಿಸ್ಟರ್ ಗಂಟೆ ತುಂಬಿಸಲೆಂದೇ ಡಯಾಲಿಸಿಸ್ ಕುರಿತ ಎರಡು ದಿನದ ಸಮ್ಮೇಳನದಲ್ಲಿ ಕುಳಿತು ಬಂದದ್ದನ್ನು ನಾನು ಬಲ್ಲೆ.

ಪ್ರಮಾಣಪತ್ರ ಪಡೆಯುವಾಗ ಏನನ್ನು ನೋಡಿಕೊಳ್ಳಬೇಕು?

ಮೊದಲನೆಯದಾಗಿ, ಆ ಕಾರ್ಯಕ್ರಮಕ್ಕೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆ ಇದೆಯೇ ಮತ್ತು ಎಷ್ಟು ಗಂಟೆಗೆ ಇದೆ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ. ‘ಭಾಗವಹಿಸಿದ್ದಾರೆ’ ಎಂದಷ್ಟೇ ಬರೆದು ಗಂಟೆ ನಮೂದಿಸದ ಪ್ರಮಾಣಪತ್ರ ನವೀಕರಣದ ಸಮಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯದು ಹೆಸರು. ನಮ್ಮ ಕಡೆಯವರಿಗೆ ಈ ತೊಂದರೆ ಹೆಚ್ಚು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇರುತ್ತದೆ, ಆಧಾರ್‌ನಲ್ಲಿ ಮುಂದೆ ಇರುತ್ತದೆ, ಮದುವೆಯಾದ ಮೇಲೆ ಬ್ಯಾಂಕಿನ ಪುಸ್ತಕದಲ್ಲಿ ಗಂಡನ ಹೆಸರು ಸೇರಿಕೊಂಡಿರುತ್ತದೆ, ಕಾರ್ಯಾಗಾರದ ಪ್ರಮಾಣಪತ್ರದಲ್ಲಿ ನೋಂದಣಿ ಮೇಜಿನಲ್ಲಿ ಕುಳಿತ ವಿದ್ಯಾರ್ಥಿ ಕೇಳಿಸಿಕೊಂಡಂತೆ ಬರೆದಿರುತ್ತಾನೆ. ಪರಿಷತ್ತಿನ ನೋಂದಣಿಯಲ್ಲಿ ಹೆಸರು ಹೇಗಿದೆಯೋ ಹಾಗೆಯೇ, ಒಂದು ಚುಕ್ಕೆಯೂ ವ್ಯತ್ಯಾಸವಾಗದಂತೆ ಬರೆಸಿಕೊಳ್ಳಿ, ಜೊತೆಗೆ ನೋಂದಣಿ ಸಂಖ್ಯೆಯನ್ನೂ ಹಾಕಿಸಿ. ಸಭಾಂಗಣ ಬಿಡುವ ಮೊದಲು ಓದಿ ನೋಡಿದರೆ ಐದು ನಿಮಿಷದ ಕೆಲಸ, ಮೂರು ವರ್ಷ ಬಿಟ್ಟು ತಿದ್ದಿಸಲು ಹೋದರೆ ಪ್ರಮಾಣಪತ್ರ ಕೊಟ್ಟವರೇ ಬೇರೆ ಊರಿಗೆ ವರ್ಗವಾಗಿ ಹೋಗಿರುತ್ತಾರೆ.

ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ ಡಿಪ್ಲೊಮಾ) ಮುಗಿಸಿದ್ದೇನೆ. ಮುಂದೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಲೇ, ಅಥವಾ ಪೋಸ್ಟ್ ಬೇಸಿಕ್ ಡಿಪ್ಲೊಮಾ ಮಾಡಲೇ?

ಎರಡೂ ಬೇರೆ ಬೇರೆ ದಾರಿಗಳು. ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ 2 ವರ್ಷದ ಪದವಿ. ಮುಂದೆ ಎಂ.ಎಸ್ಸಿ. ಮಾಡಬೇಕು, ಬೋಧಕರಾಗಬೇಕು ಎಂಬ ಆಸೆಯಿದ್ದರೆ ಈ ಪದವಿ ಇಲ್ಲದೆ ದಾರಿಯಿಲ್ಲ. ನಮ್ಮ ರಾಜ್ಯದ ನರ್ಸಿಂಗ್ ಕಾಲೇಜುಗಳು ಸಾಮಾನ್ಯವಾಗಿ 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜನೆಗೊಂಡಿರುತ್ತವೆ. ಸೇರುವ ಕಾಲೇಜಿಗೆ ಆ ವರ್ಷದ ಸಂಯೋಜನೆ ಮತ್ತು ಪರಿಷತ್ತಿನ ಮಾನ್ಯತೆ ಎರಡೂ ಇವೆಯೇ ಎಂದು ನೀವೇ ಪರಿಶೀಲಿಸಿ, ಕಾಲೇಜಿನ ಏಜೆಂಟರ ಬಾಯಿಮಾತನ್ನು ನಂಬಬೇಡಿ.

ಪೋಸ್ಟ್ ಬೇಸಿಕ್ ಡಿಪ್ಲೊಮಾ 1 ವರ್ಷದ್ದು. ತೀವ್ರ ನಿಗಾ, ತುರ್ತು ಚಿಕಿತ್ಸೆ, ನವಜಾತ ಶಿಶು, ಶಸ್ತ್ರಚಿಕಿತ್ಸಾ ಕೊಠಡಿ, ಕ್ಯಾನ್ಸರ್, ಮನೋರೋಗ ಹೀಗೆ ಒಂದೊಂದು ವಿಭಾಗಕ್ಕೆ ಒಂದೊಂದು ಕೋರ್ಸ್ ಇದೆ. ಹಾಸಿಗೆಯ ಪಕ್ಕದ ಕೆಲಸವನ್ನೇ ಇಷ್ಟಪಡುವವರಿಗೆ ಇದು ಹೆಚ್ಚು ಪ್ರಯೋಜನದ್ದೆಂದು ನನ್ನ ಎಣಿಕೆ. ಆದರೆ ನಮ್ಮ ಜನರಲ್ಲಿ ‘ಡಿಗ್ರಿ’ ಎಂಬ ಪದಕ್ಕಿರುವ ತೂಕ ‘ಡಿಪ್ಲೊಮಾ’ಕ್ಕೆ ಇಲ್ಲ. ಹಾಗಾಗಿ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಒಳ್ಳೆಯ ಕೈಯಿರುವ ಹುಡುಗಿಯರೂ ಮನೆಯವರ ಒತ್ತಾಯಕ್ಕೆ ಪದವಿಯತ್ತ ಹೊರಳುತ್ತಾರೆ.

ಎಎನ್‌ಎಂ (ಸಹಾಯಕ ಶುಶ್ರೂಷಕಿ ಮತ್ತು ಪ್ರಸೂತಿ ಕಾರ್ಯಕರ್ತೆ) ಆದವರು ಜಿಎನ್‌ಎಂ ಸೇರಬಹುದೇ?

ಸೇರಬಹುದು. ನೋಂದಾಯಿತ ಎಎನ್‌ಎಂಗಳಿಗೆ 3 ವರ್ಷದ ಜಿಎನ್‌ಎಂ ಪ್ರವೇಶದ ಅರ್ಹತೆಯಿದೆ. ಸರ್ಕಾರಿ ಸೇವೆಯಲ್ಲಿದ್ದವರು ಮೇಲಧಿಕಾರಿಯ ಅನುಮತಿ ಪಡೆದ ಮೇಲೆಯೇ ಅರ್ಜಿ ಹಾಕಬೇಕು.

ಎಂ.ಎಸ್ಸಿ. ಮಾಡಿದವರೆಲ್ಲ ಪಾಠ ಮಾಡಲೇಬೇಕೇ? ವಾರ್ಡಿನಲ್ಲೇ ಉಳಿಯುವ ಉನ್ನತ ವ್ಯಾಸಂಗ ಇಲ್ಲವೇ?

ಇದೆ. ತೀವ್ರ ನಿಗಾ ವಿಭಾಗದ ನರ್ಸ್ ಪ್ರಾಕ್ಟಿಷನರ್ ಎಂಬ 2 ವರ್ಷದ ಸ್ನಾತಕೋತ್ತರ ಕೋರ್ಸನ್ನು ರೆಸಿಡೆನ್ಸಿ ಮಾದರಿಯಲ್ಲಿ, ಅಂದರೆ ಐಸಿಯುನಲ್ಲಿ ಕೆಲಸ ಮಾಡುತ್ತಲೇ ಕಲಿಯುವಂತೆ ರೂಪಿಸಲಾಗಿದೆ. ಬಿ.ಎಸ್ಸಿ. ಜೊತೆಗೆ ಐಸಿಯು ಅನುಭವವಿದ್ದವರು ಸೇರಬಹುದು. ಹೆರಿಗೆ ವಿಭಾಗದವರಿಗೆ 18 ತಿಂಗಳ ಮಿಡ್‌ವೈಫರಿ ನರ್ಸ್ ಪ್ರಾಕ್ಟಿಷನರ್ ತರಬೇತಿ ಇದೆ. ಸಾಮಾನ್ಯ ಎಂ.ಎಸ್ಸಿ.ಯಲ್ಲಿ ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸಾ, ಸಮುದಾಯ ಆರೋಗ್ಯ, ಪ್ರಸೂತಿ, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ ಎಂಬ ಐದು ವಿಭಾಗಗಳಿವೆ. ಓದಿದ ಮೇಲೆ ವಾರ್ಡಿಗೆ ಮರಳಿದವರಿಗೆ ತಕ್ಕ ಹುದ್ದೆ, ತಕ್ಕ ಸಂಬಳ ಸಿಗುವುದು ನಮ್ಮ ಭಾಗದಲ್ಲಿ ಅಪರೂಪ ಎಂಬುದನ್ನೂ ಮುಚ್ಚಿಡುವಂತಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಕೆಲಸ ಮಾಡುವವರು ಯಾವ ತರಬೇತಿಯನ್ನು ಮೊದಲು ಪಡೆಯಬೇಕು?

ನನ್ನನ್ನು ಕೇಳಿದರೆ ಹಾವು ಕಡಿತದ ನಿರ್ವಹಣೆ. ಚನ್ನಗಿರಿಯ ಅಡಿಕೆ ತೋಟ, ದಾವಣಗೆರೆ ಸುತ್ತಿನ ಮೆಕ್ಕೆಜೋಳ, ಚಳ್ಳಕೆರೆಯ ಶೇಂಗಾ ಹೊಲ ಎಲ್ಲಿಂದ ಬೇಕಾದರೂ ಸಂಜೆ ಹೊತ್ತಿಗೆ ಒಬ್ಬರನ್ನು ಬೈಕಿನ ನಡುವೆ ಕೂರಿಸಿಕೊಂಡು ಬರುತ್ತಾರೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ವರದಿ ಮಾಡುವುದು ಕಾಗದದ ಕೆಲಸ, ಅದು ಯಾರಿಗಾದರೂ ಬರುತ್ತದೆ. ತರಬೇತಿ ಬೇಕಾದದ್ದು ಮೊದಲ ಅರ್ಧ ಗಂಟೆಗೆ.

20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಸುಮಾರು 2 ಮಿಲಿಲೀಟರ್ ಹೊಸ ರಕ್ತವನ್ನು ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ಬಿಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ಮಂಡಲದ ಹಾವಿನ ವಿಷ ರಕ್ತಕ್ಕೆ ಇಳಿದಿದೆ ಎಂದು ತಿಳಿಯಬೇಕು. ಕೇಳಲು ಸುಲಭ. ಆದರೆ ತರಬೇತಿಯಲ್ಲಿ ಇದನ್ನು ಮಾಡಿ ತೋರಿಸಲು ಹೇಳಿದಾಗ ಹತ್ತರಲ್ಲಿ ಆರು ಮಂದಿ ಕೈಗೆ ಸಿಕ್ಕ ಪ್ಲಾಸ್ಟಿಕ್ ವ್ಯಾಕ್ಯುಟೈನರ್ (ರಕ್ತ ಸಂಗ್ರಹಿಸುವ ಟ್ಯೂಬ್) ಎತ್ತಿಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟುವ ಕ್ರಿಯೆಗೆ ಗಾಜಿನ ಮೇಲ್ಮೈಯೇ ಚಾಲನೆ ಕೊಡಬೇಕಾದ್ದರಿಂದ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಮಾಡಿದ ಪರೀಕ್ಷೆಯನ್ನು ನಂಬುವಂತಿಲ್ಲ. ಗಾಜಿನದ್ದೇ ಆದರೂ ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ ಅದೂ ತಪ್ಪು ಫಲಿತಾಂಶ ಕೊಡುತ್ತದೆ. ನಡುವೆ ಕುತೂಹಲಕ್ಕೆ ಎಂಟನೆಯ ನಿಮಿಷದಲ್ಲೊಮ್ಮೆ, ಹನ್ನೆರಡನೆಯ ನಿಮಿಷದಲ್ಲೊಮ್ಮೆ ಎತ್ತಿ ನೋಡುವವರಿಗೂ ಕೊರತೆಯಿಲ್ಲ.

ಇನ್ನೊಂದು ಮಾತು. ರಕ್ತ ಚೆನ್ನಾಗಿ ಹೆಪ್ಪುಗಟ್ಟಿತೆಂದು ರೋಗಿಯನ್ನು ಮನೆಗೆ ಕಳಿಸುವಂತಿಲ್ಲ. ನಾಗರಹಾವು, ಕಟ್ಟುಹಾವುಗಳ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ, ರಕ್ತದ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ನೆಲದ ಮೇಲೆ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವೆಂದು ಬಂದು, ಕಣ್ಣಿನ ರೆಪ್ಪೆ ಎತ್ತಲಾಗುತ್ತಿಲ್ಲ ಎಂದರೆ, ಕಡಿದ ಗುರುತು ಇರಲಿ ಬಿಡಲಿ, ಕಟ್ಟುಹಾವನ್ನು ನೆನಪಿಸಿಕೊಳ್ಳಬೇಕು. ವೈದ್ಯರು ಬರುವ ಮೊದಲು ಆ ರೆಪ್ಪೆಯನ್ನು ಗಮನಿಸುವವರು ನಾವೇ. ಮಕ್ಕಳಿಗೆ ವಿಷನಿರೋಧಕ ಔಷಧದ ಪ್ರಮಾಣ ಕಡಿಮೆ ಎಂಬ ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. ಹಾವು ಕಚ್ಚುವಾಗ ವಯಸ್ಸು ನೋಡಿ ವಿಷ ಬಿಡುವುದಿಲ್ಲ, ಆದ್ದರಿಂದ ಮಗುವಿಗೂ ದೊಡ್ಡವರಿಗೂ ಪ್ರಮಾಣ ಒಂದೇ. ಔಷಧ ಹರಿಸಲು ಆರಂಭಿಸುವ ಮುನ್ನ, ಅದಕ್ಕೆ ತೀವ್ರ ಅಲರ್ಜಿಯಾದರೆ ಕೊಡಲೆಂದು ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಕೈಗೆ ಎಟುಕುವಲ್ಲಿ ಇರಬೇಕು.

ಔಷಧದ ಲೆಕ್ಕ ಕಾಲೇಜಿನಲ್ಲೇ ಕಲಿತಿದ್ದೇವೆ. ಮತ್ತೆ ಅದಕ್ಕೇಕೆ ತರಬೇತಿ?

ಕಲಿತದ್ದು ನಿಜ. ಆದರೂ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. 500 ಮಿಲಿಲೀಟರ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಸೆಟ್ಟಿನ ಪೊಟ್ಟಣದ ಮೇಲೆ 1 ಮಿಲಿಲೀಟರಿಗೆ 20 ಹನಿ ಎಂದಿದೆ, ನಿಮಿಷಕ್ಕೆ ಎಷ್ಟು ಹನಿ? ಉತ್ತರ ಸುಮಾರು 21. ಎಷ್ಟೋ ವರ್ಷದ ಅನುಭವವಿದ್ದವರೂ ಇಲ್ಲಿ ತಡವರಿಸುತ್ತಾರೆ, ಏಕೆಂದರೆ ವಾರ್ಡಿನಲ್ಲಿ ಹನಿಯನ್ನು ಲೆಕ್ಕದಿಂದಲ್ಲ, ಕಣ್ಣಂದಾಜಿನಿಂದ ಬಿಡುವ ರೂಢಿಯಾಗಿರುತ್ತದೆ.

ಇನ್ಸುಲಿನ್ ವಿಷಯದಲ್ಲಂತೂ ಕಣ್ಣಂದಾಜು ಪ್ರಾಣಕ್ಕೇ ಕುತ್ತು. ನಮ್ಮಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ಬಳಕೆಯಲ್ಲಿದೆ. 1 ಮಿಲಿಲೀಟರಿಗೆ 40 ಯೂನಿಟ್ ಇರುವುದಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್ ಇರುವುದಕ್ಕೆ ಕಿತ್ತಳೆ ಬಣ್ಣದ ಮುಚ್ಚಳದ ಸಿರಿಂಜ್. 100 ಯೂನಿಟ್ ಸಾಂದ್ರತೆಯ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು ಅರ್ಧ ಮಿಲಿಲೀಟರ್, ಅಂದರೆ 50 ಯೂನಿಟ್. ಬರೆದದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು! ಅದಲು ಬದಲಾದರೆ ರೋಗಿಗೆ ಬೇಕಾದದ್ದರ ಅರ್ಧದಷ್ಟೂ ಸಿಗುವುದಿಲ್ಲ, ಸಕ್ಕರೆ ಇಳಿಯಲಿಲ್ಲವೆಂದು ವೈದ್ಯರು ಪ್ರಮಾಣ ಏರಿಸುತ್ತಾರೆ, ಮರುದಿನ ಡ್ಯೂಟಿಗೆ ಬಂದವರು ಸರಿಯಾದ ಸಿರಿಂಜ್ ಬಳಸುತ್ತಾರೆ, ರಾತ್ರಿ ರೋಗಿ ಬೆವೆತು ಪ್ರಜ್ಞೆ ತಪ್ಪುತ್ತಾನೆ. ಇದನ್ನು ನಾನು ಭಾಷಣದಲ್ಲಿ ಹೇಳುವುದಿಲ್ಲ. ಎರಡು ಸಿರಿಂಜುಗಳನ್ನು ಮುಚ್ಚಳ ತೆಗೆದು ಟ್ರೇಯಲ್ಲಿಟ್ಟು, ಯಾವುದು ಯಾವುದೆಂದು ಗೆರೆ ಓದಿ ಹೇಳಲು ಕೇಳುತ್ತೇನೆ. ಮುಚ್ಚಳದ ಬಣ್ಣ ಇಲ್ಲದೆ ಗುರುತಿಸಲು ಸಾಧ್ಯವಾದ ಮೇಲೆ ಆ ಪಾಠ ಮುಗಿಯಿತು.

ಬಿಎಲ್‌ಎಸ್ (ಹೃದಯ ನಿಂತವರಿಗೆ ಮಾಡುವ ಮೂಲ ಜೀವರಕ್ಷಣೆ) ತರಬೇತಿ ಒಮ್ಮೆ ಆಗಿದೆ. ಸಾಲದೇ?

ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ ಕಾರ್ಡಿನ ಅವಧಿಯೇ 2 ವರ್ಷ. ಕೈಯ ಅಭ್ಯಾಸ ಅದಕ್ಕಿಂತ ಬೇಗ ತಪ್ಪುತ್ತದೆ. ನಿಮಿಷಕ್ಕೆ 100ರಿಂದ 120 ಬಾರಿ, ದೊಡ್ಡವರಲ್ಲಿ 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ, 6 ಮೀರದಂತೆ ಎದೆ ಒತ್ತಬೇಕು ಎಂಬುದು ಎಲ್ಲರಿಗೂ ಬಾಯಿಪಾಠ. ಬೊಂಬೆಯ ಮೇಲೆ ಎರಡು ನಿಮಿಷ ಒತ್ತಿಸಿದಾಗ ಒಂದೂವರೆ ನಿಮಿಷಕ್ಕೇ ಒತ್ತುವ ಆಳ ಕಡಿಮೆಯಾಗುತ್ತದೆ, ಒತ್ತುತ್ತಿರುವವರಿಗೆ ಅದು ತಿಳಿಯುವುದೂ ಇಲ್ಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕೆಂಬ ನಿಯಮ ಅದಕ್ಕಾಗಿಯೇ ಇದೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಯಲ್ಲಿ ಎಲ್ಲರ ಬಳಿಯೂ ಕಾರ್ಡ್ ಇತ್ತು. ಒಂದು ರಾತ್ರಿ ಎರಡೂವರೆ ಗಂಟೆಗೆ ಮೆಡಿಕಲ್ ವಾರ್ಡಿನ ರೋಗಿಯೊಬ್ಬರ ಹೃದಯ ನಿಂತಿತು. ಕ್ರ್ಯಾಶ್ ಕಾರ್ಟ್, ಅಂದರೆ ತುರ್ತು ಉಪಕರಣಗಳ ಗಾಡಿ, ಓಡಿಸಿಕೊಂಡು ಬಂದೆವು. ಉಸಿರಿನ ನಳಿಕೆ ಹಾಕುವಾಗ ಗಂಟಲೊಳಗೆ ನೋಡಲು ಬಳಸುವ ಲ್ಯಾರಿಂಗೋಸ್ಕೋಪ್ ಬಿಚ್ಚಿದರೆ ಬಲ್ಬ್ ಉರಿಯಲಿಲ್ಲ. ಸೆಲ್ ಸೋರಿ ಒಳಗೆಲ್ಲ ಹಸಿರು ಹಿಡಿದಿತ್ತು, ಆದರೆ ಪರಿಶೀಲನಾ ಪುಸ್ತಕದಲ್ಲಿ ಹಿಂದಿನ ಇಪ್ಪತ್ತು ದಿನವೂ ‘ಸರಿಯಿದೆ’ ಎಂದು ಸಹಿ ಬಿದ್ದಿತ್ತು. ಅದರಲ್ಲಿ ನಾಲ್ಕು ಸಹಿ ನನ್ನವೇ. ಪಕ್ಕದ ವಾರ್ಡಿನಿಂದ ಇನ್ನೊಂದು ತರುವವರೆಗೆ ಚೀಲ ಮತ್ತು ಮಾಸ್ಕಿನಿಂದಲೇ ಉಸಿರು ಕೊಟ್ಟೆವು. ಆ ರೋಗಿ ಉಳಿದರು, ಅದು ನಮ್ಮ ಜಾಣತನದಿಂದಲ್ಲ. ಅಂದಿನಿಂದ ನನ್ನ ತರಬೇತಿಯಲ್ಲಿ ಬೊಂಬೆಗಿಂತ ಮೊದಲು ಕಾರ್ಟ್ ಬರುತ್ತದೆ. ಪ್ರತಿಯೊಬ್ಬರೂ ಬ್ಲೇಡ್ ಜೋಡಿಸಿ, ದೀಪ ಉರಿಸಿ, ಆಮ್ಲಜನಕದ ಸಿಲಿಂಡರಿನ ಕೀಲಿ ತಿರುಗಿಸಿ ತೋರಿಸಬೇಕು.

ಆನ್‌ಲೈನ್ ಕೋರ್ಸುಗಳು ಪ್ರಯೋಜನವೇ?

ಓದಿ ತಿಳಿಯುವ ವಿಷಯಗಳಿಗೆ ಪ್ರಯೋಜನ, ಕೈಯಿಂದ ಮಾಡುವ ಕೆಲಸಗಳಿಗೆ ಅಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯಲ್ಲಿ ಪಾಠಗಳು ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಶುಲ್ಕವಿದೆ. ಸರ್ಕಾರಿ ನೌಕರರಿಗೆ ಐಗಾಟ್ ಕರ್ಮಯೋಗಿ ಎಂಬ ಆನ್‌ಲೈನ್ ತರಬೇತಿ ವೇದಿಕೆ ಇದೆ. ಮಾನಸಿಕ ಆರೋಗ್ಯದಲ್ಲಿ ಆಸಕ್ತಿಯುಳ್ಳವರು ಬೆಂಗಳೂರಿನ ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿಯನ್ನು ನೋಡಬಹುದು. ರಾತ್ರಿ ಪಾಳಿ ಮುಗಿಸಿ ಬಂದು ವಿಡಿಯೊ ಹಚ್ಚಿಟ್ಟು ನಿದ್ದೆ ಹೋದರೆ ಗಂಟೆ ಲೆಕ್ಕಕ್ಕೆ ಸೇರುತ್ತದೆ, ಅಷ್ಟೇ.

ಪಾಠಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ನಾವು ಏನು ಮಾಡಬೇಕು?

ನಾನೂ ಕನ್ನಡ ಮಾಧ್ಯಮದವಳೇ. ಭಾಷೆಗಿಂತ ಹೆಚ್ಚಾಗಿ ನಾಚಿಕೆಯೇ ನಮ್ಮನ್ನು ಹಿಂದೆ ಎಳೆಯುವುದು. ಅರ್ಥವಾಗದಿದ್ದರೂ ತಲೆಯಾಡಿಸಿ ಸುಮ್ಮನಾಗುತ್ತೇವೆ. ವಾರ್ಡಿನ ಇಂಗ್ಲಿಷಿಗೆ ಬೇಕಾದದ್ದು ಕೆಲವು ನೂರು ಪದಗಳು. ಹ್ಯಾಂಡೋವರ್ ಪುಸ್ತಕವನ್ನು ದಿನವೂ ಗಟ್ಟಿಯಾಗಿ ಓದಿದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಸಿಗುತ್ತವೆ. ಇನ್ನೊಂದು ಕಡೆ, ಹೊನ್ನಾಳಿಯಿಂದ ಬಂದ ಅಜ್ಜಿ ‘ಎದ್ಯಾಗ ಹಿಡದಂಗಾಗ್ತದವ್ವಾ’ ಎಂದಾಗ ಅದು ಎದೆನೋವೋ, ಉಸಿರಾಟದ ತೊಂದರೆಯೋ, ಎದೆಯುರಿಯೋ ಎಂದು ಎರಡೇ ಪ್ರಶ್ನೆಯಲ್ಲಿ ಬಿಡಿಸಿಕೊಳ್ಳಬಲ್ಲವರು ನೀವೇ, ಇಂಗ್ಲಿಷ್ ಬಲ್ಲ ಹೊರರಾಜ್ಯದ ಸಹೋದ್ಯೋಗಿಯಲ್ಲ. ತರಬೇತುದಾರರು ಕನ್ನಡದಲ್ಲಿ ವಿವರಿಸಬೇಕೆಂದು ಕೇಳುವ ಹಕ್ಕು ನಿಮಗಿದೆ.

ಗ್ರೂಪ್ ಡಿ ನೌಕರರಿಗೂ, ಲ್ಯಾಬ್ ತಂತ್ರಜ್ಞರಿಗೂ ತರಬೇತಿ ಕಡ್ಡಾಯವೇ?

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಆಸ್ಪತ್ರೆಯ ಎಲ್ಲ ಆರೋಗ್ಯ ಸಿಬ್ಬಂದಿಗೂ ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು. ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವ ಹೊಣೆಯೂ ಆಸ್ಪತ್ರೆಯದೇ. ಹಳದಿ ಚೀಲಕ್ಕೆ ರಕ್ತ ಹತ್ತಿದ ಬಟ್ಟೆ, ಹತ್ತಿ; ಕೆಂಪು ಚೀಲಕ್ಕೆ ಡ್ರಿಪ್ ಸೆಟ್, ಕ್ಯಾತಿಟರ್, ಗ್ಲೌಸ್; ಬಿಳಿ ಡಬ್ಬಿಗೆ ಸೂಜಿ; ನೀಲಿ ಡಬ್ಬಿಗೆ ಗಾಜು ಎಂಬುದು ಗೋಡೆಯ ಮೇಲೆ ಅಂಟಿಸಿರುತ್ತದೆ. ಆದರೂ ಕೆಂಪು ಚೀಲ ಎತ್ತುವ ಆಯಾಳ ಕಾಲಿಗೆ ಸೂಜಿ ಚುಚ್ಚುತ್ತದೆ, ಅದನ್ನು ಅಲ್ಲಿ ಹಾಕಿದವರು ಓದಿದ ನಾವು. ಸೂಜಿ ಚುಚ್ಚಿದ ಕೂಡಲೇ ಸೋಪು, ನೀರಿನಿಂದ ತೊಳೆದು ವರದಿ ಮಾಡಬೇಕು, ಎಚ್‌ಐವಿ ತಡೆ ಔಷಧವನ್ನು ಸಾಧ್ಯವಾದರೆ 2 ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕು ಎಂಬುದು ಆ ಆಯಾಳಿಗೆ ಗೊತ್ತಿರುವುದಿಲ್ಲ. ಆಕೆ ಬೈಸಿಕೊಳ್ಳಬೇಕಾದೀತೆಂದು ಹೆದರಿ ಅರಿಶಿನ ಹಚ್ಚಿಕೊಂಡು ಮನೆಗೆ ಹೋಗುತ್ತಾಳೆ. ಆದ್ದರಿಂದ ಈ ತರಬೇತಿಯಲ್ಲಿ ನಾವೂ ಅವರೂ ಒಟ್ಟಿಗೆ ಕೂರಬೇಕು.

ಲ್ಯಾಬ್, ಎಕ್ಸ್‌ರೇ ತಂತ್ರಜ್ಞರು ಮತ್ತು ಫಿಸಿಯೋಥೆರಪಿಸ್ಟರಿಗಾಗಿ 2021ರಲ್ಲಿ ಪ್ರತ್ಯೇಕ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಶುಶ್ರೂಷೆಗೆ ಸಂಬಂಧಿಸಿ 1947ರ ಕಾಯ್ದೆಯ ಬದಲಿಗೆ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗದ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು.

ತರಬೇತಿಗೆ ಬಿಡುವು ಕೊಡುವುದಿಲ್ಲ. ಡ್ಯೂಟಿ ಮುಗಿದ ಮೇಲೆ ಕೂರಬೇಕೇ?

ಬೆಳಗಿನ ಪಾಳಿ ಎರಡು ಗಂಟೆಗೆ ಮುಗಿಯುತ್ತದೆ, ತರಬೇತಿಯನ್ನು ಎರಡೂವರೆಗೆ ಇಡುತ್ತಾರೆ. ಹರಿಹರದಿಂದಲೋ ಜಗಳೂರಿನಿಂದಲೋ ಬೆಳಗ್ಗೆ ಆರೂವರೆಯ ಬಸ್ಸು ಹಿಡಿದು ಬಂದವರು ಊಟ ಮಾಡದೆ ಅಲ್ಲಿ ಕುಳಿತಿರುತ್ತಾರೆ. ಅವರ ಕಣ್ಣು ಗಡಿಯಾರದ ಮೇಲೆ, ಮನಸ್ಸು ಶಾಲೆಯಿಂದ ಬರುವ ಮಗುವಿನ ಮೇಲೆ. ಹೀಗೆ ಕೂರಿಸಿದ ತರಬೇತಿಗೆ ಖರ್ಚು ಮಾಡಿದ ಹಣ ದಂಡ ಎಂದು ಆಡಳಿತದವರಿಗೆ ನಾನು ಬಹಳ ಸಲ ಹೇಳಿದ್ದೇನೆ. ಒಂದು ದಿನದ ಸಭಾಂಗಣದ ಕಾರ್ಯಕ್ರಮಕ್ಕಿಂತ, ಪಾಳಿ ಬದಲಾಗುವ ಹೊತ್ತಿನಲ್ಲಿ ವಾರ್ಡಿನಲ್ಲೇ ನಿಂತು ನಡೆಸುವ ಹದಿನೈದು ನಿಮಿಷದ ಪಾಠ, ವಾರಕ್ಕೊಂದು ವಿಷಯದಂತೆ, ಹೆಚ್ಚು ಉಳಿಯುತ್ತದೆ. ಅದನ್ನು ಡ್ಯೂಟಿಯ ಅವಧಿಯೆಂದೇ ಬರೆಯಬೇಕು. ವಾರ್ಡಿನ ಈ ಪಾಠಗಳನ್ನು ಸಿಎನ್‌ಇ ಗಂಟೆಗೆ ಸೇರಿಸಬೇಕಾದರೆ ಆಸ್ಪತ್ರೆ ಮೊದಲೇ ಪರಿಷತ್ತಿನ ಅನುಮತಿ ಪಡೆದಿರಬೇಕು.

ವಿದೇಶಕ್ಕೆ ಹೋಗುವವರಿಗೆ ಏನು ಬೇಕು?

ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ, ಬ್ರಿಟನ್ನಿಗೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ಕಂಪ್ಯೂಟರ್ ಪರೀಕ್ಷೆ ಮತ್ತು ಪ್ರಾಯೋಗಿಕ ಪರೀಕ್ಷೆ, ಜರ್ಮನಿಗೆ ಜರ್ಮನ್ ಭಾಷೆ, ಕೊಲ್ಲಿ ದೇಶಗಳಿಗೆ ಆಯಾ ದೇಶದ ಪರವಾನಗಿ ಪರೀಕ್ಷೆ. ಎಲ್ಲಕ್ಕೂ ಪರಿಷತ್ತಿನ ನೋಂದಣಿ ಚಾಲ್ತಿಯಲ್ಲಿರಬೇಕು.

ಮೂಲ ಪ್ರಮಾಣಪತ್ರಗಳನ್ನು ಆಸ್ಪತ್ರೆಯವರು ಇಟ್ಟುಕೊಂಡಿದ್ದಾರೆ. ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕುವುದು ಹೇಗೆ?

ಕೆಲಸಕ್ಕೆ ಸೇರುವಾಗ ಮೂಲ ಪ್ರತಿಗಳನ್ನು ತೋರಿಸಿ, ಪರಿಶೀಲನೆಯಾದ ಮೇಲೆ ಹಿಂದಕ್ಕೆ ಪಡೆದು, ನಕಲು ಪ್ರತಿಗಳನ್ನು ಮಾತ್ರ ಕೊಡಬೇಕು. ಈಗಾಗಲೇ ಕೊಟ್ಟಿದ್ದರೆ, ಯಾವ ಯಾವ ಮೂಲ ಪತ್ರಗಳನ್ನು ಯಾವ ದಿನ ಕೊಟ್ಟಿರಿ ಎಂದು ಪಟ್ಟಿ ಮಾಡಿ, ಪ್ರವೇಶದ ಕೊನೆಯ ದಿನಾಂಕವನ್ನು ನಮೂದಿಸಿ, ಹಿಂದಿರುಗಿಸುವಂತೆ ಲಿಖಿತ ಅರ್ಜಿ ಕೊಡಿ. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಅಂಚೆ ಕಚೇರಿಯಿಂದ ಸ್ವೀಕೃತಿ ಪತ್ರದೊಂದಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಬಾಯಿಮಾತಿನಲ್ಲಿ ಆರು ತಿಂಗಳು ಓಡಾಡಿಸಿದವರು ಆ ಸ್ವೀಕೃತಿ ಪತ್ರ ನೋಡಿದ ವಾರದಲ್ಲೇ ಕಡತ ಹುಡುಕಿ ಕೊಟ್ಟದ್ದನ್ನು ನಾನು ಎರಡು ಸಲ ಕಂಡಿದ್ದೇನೆ.